ಅದಾಲತ್ತು ಕಟ್ಟಿದ ದಿವಾನರು: ಮೊದಲನೆಯ ಸಾಲಾರ್ ಜಂಗ್

ಊರಿನಿಂದ ನೆಂಟರು ಬಂದರೆ ಹೈದರಾಬಾದ್ ಕನ್ನಡಿಗರ ಮನೆಗಳಲ್ಲಿ ಒಂದು ಪದ್ಧತಿಯೇ ಇದೆ. ಮೊದಲ ದಿನ ಚಾರ್‌ಮಿನಾರ್, ಲಾಡ್ ಬಜಾರಿನ ಬಳೆ. ಎರಡನೆಯ ದಿನ ಸಾಲಾರ್ ಜಂಗ್ ಮ್ಯೂಸಿಯಂ. ಗಂಟೆ ಹೊಡೆಯುವ ಗಡಿಯಾರದ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಕಾಯುವುದು, ಮುಸುಕು ಹೊದ್ದ ರೆಬೆಕ್ಕಾಳ ಅಮೃತಶಿಲೆಯ ಮೂರ್ತಿಯ ಮುಂದೆ ನಿಂತು, ಕಲ್ಲಿನಲ್ಲಿ ಇಷ್ಟು ತೆಳುವಾದ ಬಟ್ಟೆ ಹೇಗೆ ಬಂತು ಎಂದು ಬೆರಗಾಗುವುದು, ಹೊರಗೆ ಬಂದು ಇರಾನಿ ಚಹಾ ಕುಡಿಯುವುದು. ಅಲ್ಲಿಂದ ಮೂಸಿಯ ಅದೇ ದಂಡೆಯಲ್ಲಿ ನಯಾಪುಲ್ ಕಡೆ ನಡೆದರೆ ಸೇತುವೆಯ ಆಚೆ ಮಗ್ಗುಲಿಗೆ ಹೈಕೋರ್ಟಿನ ಗುಮ್ಮಟಗಳು ಕಾಣುತ್ತವೆ. ನೆಂಟರು ಅದರ ಫೋಟೋ ತೆಗೆದುಕೊಳ್ಳುತ್ತಾರೆ, ಮುಂದೆ ಸಾಗುತ್ತಾರೆ. ಮ್ಯೂಸಿಯಮ್ಮಿಗೂ ಈ ಕೋರ್ಟಿಗೂ ಒಂದೇ ಹೆಸರಿನ ಸಂಬಂಧವಿದೆ ಎಂಬುದು ನಮ್ಮಲ್ಲೂ ಅನೇಕರಿಗೆ ಗೊತ್ತಿರಲಾರದು.

ಸಾಲಾರ್ ಜಂಗ್ ಎಂಬ ಬಿರುದಿನವರು ಮೂವರು. ಮೂವರೂ ನಿಜಾಮರ ದಿವಾನರಾಗಿದ್ದವರು. ಮ್ಯೂಸಿಯಮ್ಮಿನ ಬಹುಪಾಲು ವಸ್ತುಗಳನ್ನು ಕೂಡಿಹಾಕಿದವರು ಮೂರನೆಯವರು, ಮೀರ್ ಯೂಸುಫ್ ಅಲಿ ಖಾನ್. ನಾನು ಹೇಳಹೊರಟಿರುವುದು ಅವರ ಅಜ್ಜ ಮೀರ್ ತುರಾಬ್ ಅಲಿ ಖಾನ್ ಅವರ ಕಥೆ. ರೆಬೆಕ್ಕಾಳ ಮೂರ್ತಿಯನ್ನು 1876ರಲ್ಲಿ ಇಟಲಿಯಿಂದ ಕೊಂಡು ತಂದವರು ಈ ಅಜ್ಜ. ಇಂಗ್ಲಿಷರು ಅವರನ್ನು ಸರ್ ಸಾಲಾರ್ ಜಂಗ್ ಎನ್ನುತ್ತಿದ್ದರು, ದರ್ಬಾರಿನವರು ಮುಖ್ತಾರ್-ಉಲ್-ಮುಲ್ಕ್ ಎನ್ನುತ್ತಿದ್ದರು, ಊರ ಜನ ಬರೀ ನವಾಬ್ ಸಾಹೇಬ್ ಎನ್ನುತ್ತಿದ್ದರು. ಸುಮಾರು ಮೂವತ್ತು ವರ್ಷ ದಿವಾನರಾಗಿದ್ದ ಅವರು ರೈಲು ತಂದರು, ಶಾಲೆ ತೆರೆದರು, ಖಜಾನೆ ತುಂಬಿಸಿದರು. ಇವೆಲ್ಲ ಪಠ್ಯಪುಸ್ತಕದಲ್ಲಿವೆ. ನನಗೆ ಕುತೂಹಲ ಅವರು ಕಟ್ಟಿದ ನ್ಯಾಯಾಲಯಗಳ ಬಗ್ಗೆ. ರಾಯಚೂರು, ಲಿಂಗಸುಗೂರು, ಕಲಬುರಗಿ, ಬೀದರದ ನಮ್ಮ ಅಜ್ಜ ಮುತ್ತಜ್ಜಂದಿರು ಹೊಲದ ಬದುವಿಗೆ, ಮನೆ ಪಾಲಿಗೆ, ಸಾಲದ ಪತ್ರಕ್ಕೆ ಅಲೆದದ್ದು ಈ ಕೋರ್ಟುಗಳಿಗೇ.

ಅವರ ಮನೆತನಕ್ಕೆ ಕನ್ನಡ ನಾಡಿನ ನಂಟು ಹಳೆಯದು. ಪೂರ್ವಿಕರು ವಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಸೇವೆಯಲ್ಲಿದ್ದರು, ಆಮೇಲೆ ಮೊಗಲರಲ್ಲಿ, ಕೊನೆಗೆ ನಿಜಾಮರಲ್ಲಿ. ತುರಾಬ್ ಅಲಿ ಹುಟ್ಟಿದ್ದು 1829ರಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಮನೆಯ ಹಿರಿಯರ ನೆರಳಲ್ಲಿ ಬೆಳೆದರು. ಮನೆಪಾಠ, ಪಾರ್ಸಿ, ಕುದುರೆ ಸವಾರಿ, ಆಮೇಲೆ ಒಂದಿಷ್ಟು ಇಂಗ್ಲಿಷ್. ಹತ್ತೊಂಬತ್ತರ ಹೊತ್ತಿಗೆ ಖಮ್ಮಂ ಕಡೆ ತಾಲ್ಲೂಕುದಾರರಾಗಿ ಕೆಲಸ ಕಲಿತರು. ಚಿಕ್ಕಪ್ಪ ಸಿರಾಜ್-ಉಲ್-ಮುಲ್ಕ್ ದಿವಾನರಾಗಿದ್ದಾಗ, 1853ರ ಮೇ 21ರಂದು ಇಂಗ್ಲಿಷರು ಸಾಲದ ನೆವದಲ್ಲಿ ಬೆರಾರ್, ಧಾರಾಶಿವ, ರಾಯಚೂರು ದೋಆಬ್ ಪ್ರದೇಶಗಳ ಆಡಳಿತವನ್ನು ನಿಜಾಮರಿಂದ ಬರೆಸಿಕೊಂಡರು. ಅದಾದ ಐದಾರು ದಿನಕ್ಕೆ ಸಿರಾಜ್-ಉಲ್-ಮುಲ್ಕ್ ತೀರಿಕೊಂಡರು. ಮೇ ತಿಂಗಳು ಮುಗಿಯುವ ಮೊದಲೇ ದಿವಾನಗಿರಿ ಇಪ್ಪತ್ತನಾಲ್ಕರ ಈ ಹುಡುಗನ ಹೆಗಲಿಗೆ ಬಂತು.

ಆಗಿನ ಹೈದರಾಬಾದಿನ ಸ್ಥಿತಿ ಹೇಗಿತ್ತೆಂದು ತಿಳಿದರೆ ಮಾತ್ರ ಮುಂದಿನದು ಅರ್ಥವಾಗುತ್ತದೆ. ಖಜಾನೆ ಬರಿದು. ಚಂದೂಲಾಲರ ಕಾಲದಿಂದ ಕಂದಾಯವನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬೇರೂರಿತ್ತು. ಹೆಚ್ಚು ಹಣ ಕೊಡುವೆನೆಂದವನಿಗೆ ತಾಲ್ಲೂಕು. ಅವನು ಕೊಟ್ಟದ್ದರ ಮೇಲೆ ಎಷ್ಟು ಎತ್ತುತ್ತಾನೋ ಅದು ಅವನ ಲಾಭ. ಅದೇ ಗುತ್ತಿಗೆದಾರನೇ ರೈತನ ಮೇಲಿನ ದೂರನ್ನು ಕೇಳುವವನು, ಅವನೇ ತೀರ್ಪು ಕೊಡುವವನು, ದಂಡ ಹಾಕಿ ವಸೂಲಿ ಮಾಡುವವನೂ ಅವನೇ. ನಗರದಲ್ಲಿ ದಿವಾಣಿ ಅದಾಲತ್, ಫೌಜುದಾರಿ ಅದಾಲತ್, ಖಾಜಿಗಳ ದಾರುಲ್ ಖಜಾ ಎಂದು ಹೆಸರಿಗೆ ಕೋರ್ಟುಗಳಿದ್ದವು. ಆದರೆ ತೀರ್ಪನ್ನು ಜಾರಿಗೆ ತರುವವರು ಯಾರು?

ನಗರದಲ್ಲಿ ನಿಜವಾದ ಬಲ ಇದ್ದದ್ದು ಅರಬ್ ಮತ್ತು ರೋಹಿಲಾ ಸಿಪಾಯಿಗಳ ಜಮಾದಾರರಲ್ಲಿ. ಸಂಬಳ ಬಾಕಿ ಉಳಿದ ಕಾರಣಕ್ಕೆ ಸರ್ಕಾರವೇ ಅವರಿಗೆ ಸಾಲಗಾರನಾಗಿತ್ತು. ಅವರು ಸಾಹುಕಾರರ ಜೊತೆ ಸೇರಿ ತಾವೂ ಬಡ್ಡಿಗೆ ಸಾಲ ಕೊಡುತ್ತಿದ್ದರು. ವಾಯಿದೆಗೆ ಕೊಡದವನ ಬಾಗಿಲಲ್ಲಿ ಕತ್ತಿ ಹಿಡಿದು ಕೂರುವುದು, ಅವನನ್ನು ಹಿಡಿದೊಯ್ದು ತಮ್ಮದೇ ಸೆರೆಮನೆಯಲ್ಲಿಡುವುದು ನಡೆದೇ ಇತ್ತು. ಬಾಗಿಲಲ್ಲಿ ಅರಬ್ಬ ಕೂತರೆ ಒಳಗಿದ್ದ ಹೆಂಗಸರು ಮಕ್ಕಳ ಗತಿ ಏನಾಗಿತ್ತೆಂದು ಇತಿಹಾಸದ ಪುಸ್ತಕಗಳು ಬರೆಯುವುದಿಲ್ಲ. ನಾವು ಊಹಿಸಿಕೊಳ್ಳಬಹುದು.

ಹೊಸ ದಿವಾನರು ಈ ಜಮಾದಾರರ ಜೊತೆ ಯುದ್ಧಕ್ಕೆ ಹೋಗಲಿಲ್ಲ, ಹೋಗುವ ಶಕ್ತಿಯೂ ಇರಲಿಲ್ಲ. ಅವರ ಮುಖಂಡರನ್ನೇ ಒಲಿಸಿಕೊಂಡು, ಬಾಕಿಯನ್ನು ಲೆಕ್ಕ ಹಾಕಿ ತೀರಿಸುತ್ತಾ ಬಂದರು. ಅವರ ಪಡೆಗೆ ಶಿಸ್ತು ತಂದು, ಹಳ್ಳಿಗಳನ್ನು ದೋಚುತ್ತಿದ್ದ ದಂಡುಗಳ ಮೇಲೂ ಮಾತು ಕೇಳದ ಸರದಾರರ ಮೇಲೂ ಅವರನ್ನೇ ಬಿಟ್ಟರು. ಖಾಸಗಿ ಸೆರೆಮನೆಗಳ ಕಾಲ ಮೆಲ್ಲಗೆ ಮುಗಿಯುತ್ತಾ ಬಂತು. ಸಾಲದ ತಕರಾರಿಗೆ ಕತ್ತಿಯ ಬದಲು ಅದಾಲತ್ತಿಗೆ ಬರಬೇಕು ಎಂಬ ಮಾತು ಮೊದಲ ಸಲ ಬೆಲೆ ಪಡೆಯಿತು. ನನ್ನ ಮಟ್ಟಿಗೆ ಹೈದರಾಬಾದಿನ ನ್ಯಾಯಾಂಗ ಶುರುವಾದದ್ದು ಇಲ್ಲಿಂದ. ಕಟ್ಟಡ, ಕಾಯಿದೆ ಪುಸ್ತಕ, ನ್ಯಾಯಾಧೀಶರ ನಿಲುವಂಗಿ ಎಲ್ಲ ಆಮೇಲೆ ಬಂದವು.

ಈ ಕೆಲಸಕ್ಕೆ ಕೈಹಾಕಿ ನಾಲ್ಕು ವರ್ಷ ಆಗಿತ್ತಷ್ಟೆ. 1857 ಬಂತು.

ಆ ವರ್ಷ ಮೇ ತಿಂಗಳಲ್ಲಿ ನಿಜಾಮ ನಾಸಿರ್-ಉದ್-ದೌಲಾ ತೀರಿಕೊಂಡು ಅಫ್ಜಲ್-ಉದ್-ದೌಲಾ ಪಟ್ಟಕ್ಕೆ ಬಂದರು. ಉತ್ತರದಿಂದ ದಂಗೆಯ ಸುದ್ದಿ ದಿನದಿನಕ್ಕೂ ಬರುತ್ತಿತ್ತು. ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ನೇತೃತ್ವದಲ್ಲಿ ಜನ ಬ್ರಿಟಿಷ್ ರೆಸಿಡೆನ್ಸಿಯ ಮೇಲೆ ನುಗ್ಗಿದರು. ಇಂದಿನ ಕೋಠಿ ಮಹಿಳಾ ಕಾಲೇಜು ಇದೆಯಲ್ಲ, ಅದೇ ಅಂದಿನ ರೆಸಿಡೆನ್ಸಿ. ನಮ್ಮಲ್ಲಿ ಎಷ್ಟೋ ಜನರ ಹೆಣ್ಣುಮಕ್ಕಳು ಅಲ್ಲಿ ಓದಿದ್ದಾರೆ. ದಾಳಿಯ ಸುಳಿವನ್ನು ದಿವಾನರೇ ಮುಂಚಿತವಾಗಿ ರೆಸಿಡೆಂಟ್ ಡೇವಿಡ್‌ಸನ್‌ಗೆ ಮುಟ್ಟಿಸಿದ್ದರು. ತೋಪುಗಳು ಸಿದ್ಧವಾಗಿದ್ದವು, ದಾಳಿ ಮುರಿದುಬಿತ್ತು. ಅಲಾವುದ್ದೀನರಿಗೆ ಅಂಡಮಾನ್. ತುರ್ರೇಬಾಜ್ ಖಾನ್ ಸೆರೆಯಿಂದ ತಪ್ಪಿಸಿಕೊಂಡು 1859ರಲ್ಲಿ ತೂಪ್ರಾನ್ ಬಳಿ ಗುಂಡಿಗೆ ಬಲಿಯಾದರು. ಅವರ ದೇಹವನ್ನು ನಗರದಲ್ಲಿ ನೇತುಹಾಕಲಾಯಿತು. ಇಂದು ಕೋಠಿಯಲ್ಲಿ ಅವರ ನೆನಪಿನ ಸ್ಮಾರಕವಿದೆ.

ಕನ್ನಡಿಗರಾದ ನಮಗೆ ಇದಕ್ಕಿಂತ ಹತ್ತಿರದ ನೋವು ಸುರಪುರದ್ದು.

ಸುರಪುರದ ದೊರೆ ಕೃಷ್ಣಪ್ಪ ನಾಯಕರು 1841ರಲ್ಲಿ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಬಾಲಕ. ರಾಣಿ ಈಶ್ವರಮ್ಮ ಮಗನ ಪರವಾಗಿ ಆಳಲು ನಿಂತರು. ಕುಟುಂಬದೊಳಗಿನ ಜಗಳ ಬೆಳೆದು ಇಂಗ್ಲಿಷರು ಕ್ಯಾಪ್ಟನ್ ಮೆಡೋಸ್ ಟೇಲರ್ ಅವರನ್ನು ಅಲ್ಲಿಗೆ ಕಳಿಸಿದರು. ಟೇಲರ್ ತಮ್ಮ ಆತ್ಮಕಥೆಯಲ್ಲಿ ಈಶ್ವರಮ್ಮನವರ ಬಗ್ಗೆ ಒಳ್ಳೆಯ ಮಾತು ಬರೆದಿಲ್ಲ. ಅಧಿಕಾರವನ್ನು ಕೈಯಲ್ಲಿಟ್ಟುಕೊಳ್ಳಬಯಸಿದ ಹೆಂಗಸಿನ ಬಗ್ಗೆ ಆ ಕಾಲದ ಸಾಹೇಬರು ಒಳ್ಳೆಯದು ಬರೆದದ್ದು ಕಡಿಮೆಯೇ. ಮಗನಿಗೆ ಮಾತ್ರ ಟೇಲರ್ ಅಪ್ಪನಂತಿದ್ದರು, ಅವನು ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1853ರಲ್ಲಿ ಟೇಲರ್ ಸುರಪುರ ಬಿಟ್ಟರು, ತರುಣ ದೊರೆ ವೆಂಕಟಪ್ಪ ನಾಯಕರು ಗದ್ದುಗೆಯ ಹೊಣೆ ಹೊತ್ತರು. ನಮ್ಮ ತರುಣ ದಿವಾನರು ಹೈದರಾಬಾದಿನಲ್ಲಿ ಅಧಿಕಾರ ಹಿಡಿದ ವರ್ಷವೂ ಅದೇ.

1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗವಾಯಿತು. ಇಂಗ್ಲಿಷ್ ಪಡೆಗಳು ಊರನ್ನು ಸುತ್ತುವರಿಯುವಷ್ಟರಲ್ಲಿ ವೆಂಕಟಪ್ಪ ನಾಯಕರು ರಾತ್ರೋರಾತ್ರಿ ಹೊರಬಿದ್ದು, ಬೆರಳೆಣಿಕೆಯ ಜನರೊಂದಿಗೆ ಹೈದರಾಬಾದಿನ ದಾರಿ ಹಿಡಿದರು. ಯಾಕೆ ಹೈದರಾಬಾದೇ? ಸುರಪುರ ನಿಜಾಮರಿಗೆ ಕಪ್ಪ ಕೊಡುವ ಸಂಸ್ಥಾನ. ಆಪತ್ತಿನಲ್ಲಿ ಒಡೆಯನ ಊರಿಗೆ ಹೋದರೆ ಕೇಳುವವರೊಬ್ಬರು ಸಿಗುತ್ತಾರೆ ಎಂದು ಇಪ್ಪತ್ತರ ಆಸುಪಾಸಿನ ಆ ದೊರೆಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪೇನಿದೆ? ನಗರದಲ್ಲಿ ಅವರು ಸಿಕ್ಕಿಬಿದ್ದರು. ಸಾಲಾರ್ ಜಂಗ್ ಅವರನ್ನು ರೆಸಿಡೆನ್ಸಿಗೆ ಒಪ್ಪಿಸಿದರು.

ವಿಚಾರಣೆ ನಡೆದದ್ದು ನಿಜಾಮರ ಯಾವ ಅದಾಲತ್ತಿನಲ್ಲೂ ಅಲ್ಲ, ಇಂಗ್ಲಿಷರ ಸೈನಿಕ ನ್ಯಾಯಮಂಡಳಿಯ ಮುಂದೆ. ಮರಣದಂಡನೆ ವಿಧಿಸಿದರು. ರೆಸಿಡೆಂಟರು ಅದನ್ನು ಜೀವಾವಧಿ ಗಡಿಪಾರಿಗೆ ಇಳಿಸಿದರು. ಕಲ್ಕತ್ತೆಯಿಂದ ಗವರ್ನರ್ ಜನರಲ್ ಅದನ್ನೂ ತಗ್ಗಿಸಿ ಮದರಾಸಿನ ಹತ್ತಿರದ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದರು. ಅಲ್ಲಿಗೆ ಒಯ್ಯುವ ದಾರಿಯಲ್ಲಿ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ದೊರೆ ಸತ್ತರು. ತಾವೇ ಹೊಡೆದುಕೊಂಡರು ಎಂದು ಇಂಗ್ಲಿಷ್ ದಾಖಲೆ. ಸುರಪುರದ ಕಡೆ ಅದನ್ನು ನಂಬದವರೂ ಇದ್ದಾರೆ. 1860ರಲ್ಲಿ ಹೊಸ ಒಪ್ಪಂದವಾಗಿ, 1857ರ ನೆರವಿಗೆ ಬಹುಮಾನವೆಂಬಂತೆ ಇಂಗ್ಲಿಷರು ರಾಯಚೂರು ದೋಆಬ್ ಮತ್ತು ಧಾರಾಶಿವವನ್ನು ನಿಜಾಮರಿಗೆ ಹಿಂತಿರುಗಿಸಿದರು, ಐವತ್ತು ಲಕ್ಷದ ಸಾಲ ಮನ್ನಾ ಮಾಡಿದರು, ಸುರಪುರವನ್ನೂ ಸೇರಿಸಿ ಕೊಟ್ಟರು. ಹೀಗೆ ನಮ್ಮ ಕನ್ನಡ ಸೀಮೆಯ ದೊಡ್ಡ ಭಾಗ ಮತ್ತೆ ಸಾಲಾರ್ ಜಂಗ್ ಅವರ ಆಡಳಿತಕ್ಕೆ ಬಂತು. ಅವರ ಕೋರ್ಟುಗಳೂ ಅದರ ಹಿಂದೆಯೇ ಬಂದವು.

ದಿವಾನರ ಪರವಾಗಿ ವಾದಿಸುವವರು ಹೇಳುವುದಿಷ್ಟು: ಬೇರೆ ದಾರಿ ಇರಲಿಲ್ಲ, ಅಂದು ಅವರು ಹಾಗೆ ಮಾಡದಿದ್ದರೆ ಹೈದರಾಬಾದ್ ಸಂಸ್ಥಾನವೂ ಅವಧ್‌ನಂತೆ ಹೋಗುತ್ತಿತ್ತು, ಆಮೇಲಿನ ಯಾವ ಸುಧಾರಣೆಯೂ ಆಗುತ್ತಿರಲಿಲ್ಲ. ಇರಬಹುದು. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಸಾಲಗಾರನನ್ನು ಅರಬ್ಬರು ಎಳೆದೊಯ್ಯಬಾರದು, ಅದಾಲತ್ತಿಗೆ ತರಬೇಕು ಎಂದು ಹಟ ಹಿಡಿದವರು, ತಮ್ಮದೇ ಸಂಸ್ಥಾನದ ಅಧೀನ ದೊರೆಯನ್ನು ತಮ್ಮ ಅದಾಲತ್ತಿಗೆ ತರದೆ ಪರರ ಕೈಗೆ ಕೊಟ್ಟರು. ಆ ಒಂದು ದಿನ ಅವರು ನ್ಯಾಯದ ಮನುಷ್ಯನಾಗಿರಲಿಲ್ಲ, ರಾಜಕಾರಣಿಯಾಗಿದ್ದರು.

ಅವರ ಪ್ರಾಣದ ಮೇಲೂ ಪ್ರಯತ್ನಗಳು ನಡೆದವು. 1859ರಲ್ಲಿ ದರ್ಬಾರಿನಿಂದ ರೆಸಿಡೆಂಟರ ಜೊತೆ ಹೊರಬರುವಾಗ ಒಮ್ಮೆ. 1868ರಲ್ಲಿ ಮತ್ತೊಮ್ಮೆ ದಾರಿಯಲ್ಲಿ ಅವರ ಮೇಲೆ ಗುಂಡು ಹಾರಿತು, ಗುರಿ ತಪ್ಪಿತು. ಸಿಕ್ಕಿದವನಿಗೆ ಮರಣದಂಡನೆಯಾದಾಗ ಅದನ್ನು ಕಡಿಮೆ ಮಾಡಿಸಲು ದಿವಾನರೇ ಓಡಾಡಿದರು. ಆದರೆ ಶಿಕ್ಷೆ ಜಾರಿಯಾಗಿಯೇ ಹೋಯಿತು.

ಇನ್ನು ಅವರು ಕಟ್ಟಿದ ವ್ಯವಸ್ಥೆಗೆ ಬರೋಣ. ಕಂದಾಯದ ಗುತ್ತಿಗೆಯನ್ನು ಒಂದೊಂದಾಗಿ ತಪ್ಪಿಸಿ, ಸಂಬಳ ಪಡೆಯುವ ತಾಲ್ಲೂಕುದಾರರನ್ನು ನೇಮಿಸುತ್ತಾ ಹೋದರು. 1865ರಲ್ಲಿ ಜಿಲಾಬಂದಿ ಆಯಿತು. ಸಂಸ್ಥಾನವನ್ನು ಜಿಲ್ಲೆಗಳಾಗಿ, ಜಿಲ್ಲೆಗಳನ್ನು ಸುಬಾಗಳಾಗಿ ಹಂಚಿದರು. ಪೊಲೀಸ್ ಇಲಾಖೆಯನ್ನು ಬೇರೆ ಮಾಡಿದರು. 1868ರಲ್ಲಿ ತಮ್ಮ ಕೆಳಗೆ ಸದ್ರ್-ಉಲ್-ಮಹಾಮ್ ಎಂಬ ನಾಲ್ವರು ಮಂತ್ರಿಗಳನ್ನು ತಂದರು: ಕಂದಾಯಕ್ಕೊಬ್ಬರು, ಪೊಲೀಸಿಗೊಬ್ಬರು, ಇತರ ಇಲಾಖೆಗಳಿಗೊಬ್ಬರು, ನ್ಯಾಯಕ್ಕೊಬ್ಬರು. ನ್ಯಾಯಕ್ಕೆಂದೇ ಒಬ್ಬ ಮಂತ್ರಿ ಎಂಬುದು ಇಲ್ಲಿ ಹೊಸದು. ಕೆಳಗಿನ ಕಚೇರಿಯ ತೀರ್ಪಿನ ಮೇಲೆ ಮೇಲಿನ ಕಚೇರಿಗೆ ಹೋಗಬಹುದು, ಅಲ್ಲಿಂದ ನಗರಕ್ಕೆ ಬರಬಹುದು ಎಂಬ ಮೆಟ್ಟಿಲುಗಳು ಏರ್ಪಟ್ಟವು. ಲಿಂಗಸುಗೂರಿನ ರೈತನಿಗೆ ಹೈದರಾಬಾದ್ ದೂರವೇ ಆಗಿತ್ತು. ಆದರೂ ಗುತ್ತಿಗೆದಾರನ ಮಾತೇ ಕೊನೆಯದು ಎಂಬ ಕಾಲ ಹೋಯಿತು.

ಇದರಲ್ಲಿ ಒಂದು ವಿಚಿತ್ರವಿದೆ. ಈ ಜಿಲ್ಲೆಗಳನ್ನೆಲ್ಲ ನಕ್ಷೆಯ ಮೇಲೆ ಎಳೆದ ಮನುಷ್ಯ ಆಗ ನಗರ ಬಿಟ್ಟು ಹೊರಗೆ ಹೋಗುವ ಸ್ವಾತಂತ್ರ್ಯವಿಲ್ಲದವರಾಗಿದ್ದರು. ನಿಜಾಮ ಅಫ್ಜಲ್-ಉದ್-ದೌಲಾ ಅವರಿಗೆ ದಿವಾನರ ಮೇಲೆ ಸದಾ ಅನುಮಾನ. ಇಂಗ್ಲಿಷರಿಗೆ ತೀರ ಹತ್ತಿರವಾದರು ಎಂಬುದು ಅದರ ಮೂಲ. ಅಪ್ಪಣೆಯಿಲ್ಲದೆ ಒಂದು ಸಮಾರಂಭಕ್ಕೂ ಹೋಗುವಂತಿರಲಿಲ್ಲ. 1869ರಲ್ಲಿ ಅಫ್ಜಲ್-ಉದ್-ದೌಲಾ ತೀರಿಕೊಂಡು, ಮೂರು ವರ್ಷವೂ ತುಂಬದ ಮಹಬೂಬ್ ಅಲಿ ಖಾನ್ ಪಟ್ಟಕ್ಕೆ ಬಂದಾಗ, ಸಾಲಾರ್ ಜಂಗ್ ಅವರು ಪಾಯ್ಗಾ ಮನೆತನದ ಶಮ್ಸ್-ಉಲ್-ಉಮ್ರಾ ಅವರೊಂದಿಗೆ ಜಂಟಿಯಾಗಿ ರಾಜಪ್ರತಿನಿಧಿಯಾದರು. ಆಮೇಲೆಯೇ ಅವರ ಕೈಗೆ ಬಿಡುವು ಸಿಕ್ಕಿದ್ದು. 1874ರಲ್ಲಿ ನಮ್ಮ ಕಲಬುರಗಿ ಸೀಮೆಯ ವಾಡಿಯಿಂದ ಹೈದರಾಬಾದಿಗೆ ರೈಲು ಓಡಿತು. ವ್ಯಾಜ್ಯಕ್ಕೆ ನಗರಕ್ಕೆ ಬರುವವರಿಗೆ ಆ ರೈಲು ಎಷ್ಟು ದಿನದ ಗಾಡಿ ಪ್ರಯಾಣವನ್ನು ಉಳಿಸಿತೋ!

ವ್ಯವಸ್ಥೆಯಲ್ಲಿ ತೂತುಗಳೂ ಇದ್ದವು. ಮೊದಲನೆಯದು ಜಹಗೀರುಗಳು. ಪಾಯ್ಗಾಗಳಿಗೆ, ದೊಡ್ಡ ಜಹಗೀರುದಾರರಿಗೆ, ಗದ್ವಾಲ, ವನಪರ್ತಿಯಂಥ ಸಂಸ್ಥಾನಗಳಿಗೆ ತಮ್ಮದೇ ಪೊಲೀಸರು, ತಮ್ಮದೇ ಕೋರ್ಟುಗಳು. ದಿವಾನರ ಅದಾಲತ್ತು ಅವರ ಗಡಿಯಲ್ಲಿ ನಿಲ್ಲುತ್ತಿತ್ತು. ತಮಾಷೆಯೆಂದರೆ 1869ರಲ್ಲಿ ನ್ಯಾಯ ಖಾತೆಯ ಮಂತ್ರಿಯಾದವರು ಪಾಯ್ಗಾ ಮನೆತನದ ಬಶೀರ್-ಉದ್-ದೌಲಾ, ಮುಂದೆ ಆಸ್ಮಾನ್ ಜಾ ಎಂದು ಹೆಸರಾದವರು. ಎರಡನೆಯ ತೂತು, ಜಿಲ್ಲೆಗಳಲ್ಲಿ ಕಂದಾಯ ವಸೂಲಿ ಮಾಡುವ ಅಧಿಕಾರಿಯೇ ಮೊಕದ್ದಮೆಗಳನ್ನೂ ಕೇಳುತ್ತಿದ್ದ. ಗುತ್ತಿಗೆದಾರ ಹೋಗಿ ಸಂಬಳದ ಅಧಿಕಾರಿ ಬಂದಿದ್ದ, ಆದರೆ ಎರಡು ಟೋಪಿ ಒಂದೇ ತಲೆಯ ಮೇಲಿದ್ದವು. ಎಲ್ಲದರ ತುದಿಯಲ್ಲಿ ದಿವಾನರೇ.

ಮೂರನೆಯದು ರೆಸಿಡೆನ್ಸಿಯ ಕಾನೂನು. ಸಿಕಂದರಾಬಾದ್ ದಂಡುಪ್ರದೇಶ ಮತ್ತು ರೆಸಿಡೆನ್ಸಿಯ ಸುತ್ತಲಿನ ಬಜಾರುಗಳು ಇಂಗ್ಲಿಷರ ನ್ಯಾಯವ್ಯಾಪ್ತಿಗೆ ಸೇರಿದ್ದವು. ನಾವು ಸೀರೆಗೆ, ಹಬ್ಬದ ಸಾಮಾನಿಗೆ ಓಡುವ ಸುಲ್ತಾನ್ ಬಜಾರ್ 1933ರವರೆಗೂ ಹಾಗೆಯೇ ಇತ್ತು. ಅಫ್ಜಲ್‌ಗಂಜಿನಲ್ಲಿ ಒಂದು ಕಾನೂನು, ನಾಲ್ಕು ಹೆಜ್ಜೆ ಮುಂದೆ ಹೋದರೆ ಇನ್ನೊಂದು.

ನಾಲ್ಕನೆಯದು ಭಾಷೆ. ಕನ್ನಡಿಗರಿಗೆ ಹೆಚ್ಚು ನಾಟುವುದು ಇದೇ.

ಕೋರ್ಟಿನ ಮಾತುಗಳು ಎಷ್ಟು ನಮ್ಮವಾಗಿವೆ ನೋಡಿ: ವಕೀಲ, ಫಿರ್ಯಾದಿ, ಜಾಮೀನು, ಜಪ್ತಿ, ತಕರಾರು, ವಾರಸುದಾರ, ದಸ್ತಾವೇಜು, ಕೈದಿ, ಹುಕುಂ. ಇವು ಆದಿಲ್‌ಶಾಹಿ, ಮೊಗಲಾಯಿ, ಮರಾಠರ ಕಾಲಗಳಿಂದ ಬಂದು ಕನ್ನಡದ ಮನೆಯೊಳಗೆ ಕೂತವು. ಜಾಮೀನು ಎಂದರೆ ಓದು ಬಾರದ ಅಜ್ಜಿಗೂ ಗೊತ್ತಿತ್ತು. ಆದರೆ ಪದ ಗೊತ್ತಿರುವುದು ಬೇರೆ, ತೀರ್ಪು ಓದಲು ಬರುವುದು ಬೇರೆ. ಸಾಲಾರ್ ಜಂಗ್ ಅವರ ಕಾಲದಲ್ಲಿ ದಫ್ತರುಗಳ ಭಾಷೆ ಪಾರ್ಸಿ. ಅದನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ಉರ್ದು ಬಂದದ್ದು ಅವರ ನಂತರ, 1884ರ ಸುಮಾರಿಗೆ, ಅವರ ಮಗ ಎರಡನೆಯ ಸಾಲಾರ್ ಜಂಗ್ ದಿವಾನರಾದಾಗ. ನಗರದವರಿಗೆ ಅದು ಅನುಕೂಲವಾಯಿತು. ತೆಲುಗು, ಮರಾಠಿ, ಕನ್ನಡ ಆಡುವ ಹಳ್ಳಿಗರಿಗೆ ಒಂದು ತಿಳಿಯದ ಭಾಷೆಯ ಜಾಗಕ್ಕೆ ಇನ್ನೊಂದು ಬಂತು. ತನ್ನ ಹೊಲದ ವಿಷಯ ತನಗೇ ತಿಳಿಯದ ಲಿಪಿಯಲ್ಲಿ ಬರೆಯುವುದನ್ನು ನೋಡುತ್ತಾ ನಿಲ್ಲುವ ಸ್ಥಿತಿ. ಅರ್ಜಿ ಬರೆಯುವವನಿಗೆ ಒಂದಿಷ್ಟು, ಓದಿ ಹೇಳುವವನಿಗೆ ಒಂದಿಷ್ಟು. ಗಂಡ ಸತ್ತ ಹೆಂಗಸೊಬ್ಬಳು ಮೈದುನರ ಮೇಲೆ ಪಾಲಿಗೆ ಹೋಗಬೇಕಾಗಿದ್ದರೆ ಅವಳಿಗೆ ಎದುರಾಗುತ್ತಿದ್ದದ್ದು ಎರಡು ಪರದೆ, ಒಂದು ಮನೆಯದು, ಇನ್ನೊಂದು ಭಾಷೆಯದು. ನಮ್ಮ ಸೀಮೆಯ ವಕೀಲರು ಉರ್ದುವಿನಲ್ಲೇ ಓದಿ, ಉರ್ದುವಿನಲ್ಲೇ ವಾದಿಸಿ ಹೆಸರು ಮಾಡಿದರು. ಆ ತಲೆಮಾರಿನ ಹಿರಿಯರು ಕನ್ನಡದಲ್ಲಿ ಮಾತಾಡಿ ಉರ್ದುವಿನಲ್ಲಿ ಸಹಿ ಮಾಡುತ್ತಿದ್ದುದನ್ನು ನಮ್ಮಲ್ಲಿ ಕೆಲವರು ಕಂಡಿದ್ದೀರಿ.

ಇಷ್ಟೆಲ್ಲ ಇಲಾಖೆ ನಡೆಸಲು ಜನ ಬೇಕಲ್ಲ. ಕಲಿತವರು ಇಲ್ಲಿ ಸಾಲದೆಂದು ದಿವಾನರು ಉತ್ತರ ಭಾರತದಿಂದ ಕರೆಸಿದರು. ಸೈಯದ್ ಹುಸೇನ್ ಬಿಲ್‌ಗ್ರಾಮಿ, ಮೆಹದಿ ಅಲಿ, ಮುಷ್ತಾಕ್ ಹುಸೇನ್, ಚಿರಾಗ್ ಅಲಿ ಹೀಗೆ ಒ‍ಬ್ಬೊಬ್ಬರೂ ದೊಡ್ಡ ಪಂಡಿತರು. ಅವರಲ್ಲಿ ನಮ್ಮ ವೇದಿಕೆಯವರಿಗೆ ಇಷ್ಟವಾಗಬಹುದಾದ ಒಬ್ಬರೆಂದರೆ ನಜೀರ್ ಅಹ್ಮದ್. ಭಾರತ ದಂಡ ಸಂಹಿತೆಯನ್ನು ಉರ್ದುವಿಗೆ ತಂದವರಲ್ಲಿ ಅವರೂ ಒಬ್ಬರು. ಹೆಣ್ಣುಮಕ್ಕಳು ಓದಲೆಂದು 1869ರಲ್ಲಿ ಮಿರಾತ್-ಉಲ್-ಉರೂಸ್ ಎಂಬ ಕಾದಂಬರಿ ಬರೆದವರೂ ಅವರೇ. ಅಕ್ಬರಿ, ಅಸ್ಗರಿ ಎಂಬ ಅಕ್ಕತಂಗಿಯರ ಕಥೆ ಅದು. 1877ರಲ್ಲಿ ಅವರು ಹೈದರಾಬಾದಿನ ಸೇವೆಗೆ ಬಂದರು. ಹೊರಗಿನವರಿಗೆ ದೊಡ್ಡ ಸಂಬಳ, ನಮಗೇಕಿಲ್ಲ ಎಂಬ ಸ್ಥಳೀಯರ ಗೊಣಗಾಟ ಅಂದೇ ಶುರುವಾಯಿತು. ಮುಲ್ಕಿ ಮತ್ತು ಗೈರ್ ಮುಲ್ಕಿ ಎಂಬ ಆ ಜಗಳ ನೂರು ವರ್ಷ ಕಳೆದರೂ ಈ ನಗರದಲ್ಲಿ ತಣ್ಣಗಾಗಲಿಲ್ಲ. 1952ರಲ್ಲಿ, 1969ರಲ್ಲಿ ಅದೇ ಮುಲ್ಕಿ ಹೆಸರಿನಲ್ಲಿ ಬೀದಿಗೆ ಬಂತು.

ಸಾಲಾರ್ ಜಂಗ್ ಅವರ ಸ್ವಂತದ ಒಂದು ಫಿರ್ಯಾದಿಯೂ ಇತ್ತು, ಬೆರಾರ್. ಚಿಕ್ಕಪ್ಪನ ಕೊನೆಯ ದಿನಗಳಲ್ಲಿ ಕೈಬಿಟ್ಟ ಆ ಹತ್ತಿಯ ಸೀಮೆಯನ್ನು ಹಿಂದಕ್ಕೆ ಪಡೆಯಬೇಕೆಂಬ ಹಂಬಲ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅರ್ಜಿಯ ಮೇಲೆ ಅರ್ಜಿ ಬರೆದರು. 1857ರಲ್ಲಿ ಅವರನ್ನು ಹೊಗಳಿದ ಇಂಗ್ಲಿಷರೇ ಈಗ ಮುಖ ಗಂಟಿಕ್ಕಿದರು. 1876ರಲ್ಲಿ ಇದೇ ವಿಷಯ ಮನಸ್ಸಿನಲ್ಲಿಟ್ಟುಕೊಂಡು ವಿಲಾಯತಿಗೆ ಹೊರಟರು. ಇಟಲಿಯಲ್ಲಿ ರೆಬೆಕ್ಕಾಳನ್ನು ಕೊಂಡದ್ದು ಈ ಪ್ರಯಾಣದಲ್ಲೇ. ಪ್ಯಾರಿಸಿನ ಹೋಟೆಲಿನಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆ ನೋವಿನಲ್ಲೇ ಲಂಡನ್ನಿಗೆ ಹೋದರು. ಆಕ್ಸ್‌ಫರ್ಡಿನವರು ಕಾನೂನಿನ ಗೌರವ ಡಾಕ್ಟರೇಟ್ ಕೊಟ್ಟರು, ಲಂಡನ್ ನಗರ ಸನ್ಮಾನ ಮಾಡಿತು, ಔತಣಗಳಾದವು. ಬೆರಾರ್ ಮಾತ್ರ ಸಿಗಲಿಲ್ಲ. ಊರಿಗೆ ಮರಳಿದ ಮೇಲೆ, 1877ರಲ್ಲಿ, ಅವರ ವಿರೋಧವನ್ನು ಲೆಕ್ಕಿಸದೆ ವಿಕಾರ್-ಉಲ್-ಉಮ್ರಾ ಅವರನ್ನು ಜೊತೆಗಾರ ರಾಜಪ್ರತಿನಿಧಿಯಾಗಿ ಇಂಗ್ಲಿಷರು ಕೂರಿಸಿದರು. ಲಿಂಗಸುಗೂರಿನ ರೈತನಿಗೆ ಮೇಲ್ಮನವಿಯ ಮೆಟ್ಟಿಲು ಕಟ್ಟಿಕೊಟ್ಟವರಿಗೆ ತಮ್ಮ ಮನವಿ ಕೇಳುವ ಕೋರ್ಟು ಎಲ್ಲೂ ಇರಲಿಲ್ಲ. ಎದುರಾಳಿಯೇ ನ್ಯಾಯಾಧೀಶ. ವೆಂಕಟಪ್ಪ ನಾಯಕರಿಗೂ ಆದದ್ದು ಅದೇ. ಆ ನೆನಪು ಅವರಿಗೆ ಎಂದಾದರೂ ಬಂದಿತ್ತೇ ಎಂದು ನನಗೆ ಆಗಾಗ ಅನ್ನಿಸುತ್ತದೆ.

1883ರ ಫೆಬ್ರವರಿಯಲ್ಲಿ ಜರ್ಮನಿಯ ರಾಜಮನೆತನದ ಅತಿಥಿಯೊಬ್ಬರು ಬಂದಿದ್ದರು. ಅವರಿಗಾಗಿ ಮೀರ್ ಆಲಂ ಕೆರೆಯಲ್ಲಿ ಔತಣ ನಡೆಯಿತು. ಅದಾದ ಮೇಲೆ ದಿವಾನರಿಗೆ ಕಾಲರಾ ತಗಲಿತು. ಫೆಬ್ರವರಿ 8ರಂದು ತೀರಿಕೊಂಡರು. ಐವತ್ತನಾಲ್ಕು ವರ್ಷ. ಹಳೆಯ ನಗರದ ದಾಯಿರಾ ಮೀರ್ ಮೋಮಿನ್‌ನಲ್ಲಿ, ಮನೆತನದವರ ನಡುವೆ ಅವರ ಸಮಾಧಿಯಿದೆ.

ಅವರು ಬಿಟ್ಟುಹೋದ ತೂತುಗಳು ಒಂದೊಂದಾಗಿ ಮುಚ್ಚಲು ಎಪ್ಪತ್ತು ವರ್ಷ ಹಿಡಿಯಿತು. ಅವು ಎಷ್ಟು ಅಗಲವಾಗಿದ್ದವು ಎಂಬುದಕ್ಕೆ 1892ರ ಪ್ರಕರಣ ಸಾಕು. ನಿಜಾಮರ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದು ಆಮೇಲೆ ಗೃಹ ಕಾರ್ಯದರ್ಶಿಯಾದ ಮೆಹದಿ ಹಸನ್ ಅವರ ಹೆಂಡತಿ ಗರ್ಟ್ರೂಡ್ ಡೊನೆಲಿ ಐರಿಷ್ ಮೂಲದವರು. ಅವರ ನಡತೆಯನ್ನು ಹೀನಾಯವಾಗಿ ಚಿತ್ರಿಸಿದ, ಮದುವೆಯೇ ಆಗಿಲ್ಲ ಎಂದು ದೂರಿದ ಇಂಗ್ಲಿಷ್ ಕರಪತ್ರವೊಂದು ನಗರದಲ್ಲಿ ಹರಿದಾಡಿತು. ಅದರ ತಲೆಬರಹ ಹೈದರಾಬಾದಿನ ಮಹಿಳೆಯರಿಗೆ ಮನವಿ ಎಂಬಂತಿತ್ತು! ಮುದ್ರಿಸಿದರೆನ್ನಲಾದ ಮಿತ್ರ ಎಂಬವರ ಮೇಲೆ ಮೊಕದ್ದಮೆ ನಡೆಯಿತು. ಎಲ್ಲಿ? ಅವರು ಒಮ್ಮೆ ಪೀಠದಲ್ಲಿ ಕೂತಿದ್ದ ಹೈಕೋರ್ಟಿನಲ್ಲಲ್ಲ, ರೆಸಿಡೆನ್ಸಿಯ ಇಂಗ್ಲಿಷ್ ಕೋರ್ಟಿನಲ್ಲಿ. ತಿಂಗಳುಗಟ್ಟಲೆ ನಡೆದ ವಿಚಾರಣೆಯಲ್ಲಿ ಕರಪತ್ರ ಬರೆದವರು ಯಾರು ಎಂಬುದು ಹಿಂದೆ ಸರಿದು, ಒಬ್ಬ ಹೆಂಗಸಿನ ಹಿಂದಿನ ಬದುಕೇ ಕಟಕಟೆಗೆ ಬಂತು. 1893ರಲ್ಲಿ ಮಿತ್ರರ ಖುಲಾಸೆಯಾಯಿತು, ಮೆಹದಿ ಹಸನ್ ಕೆಲಸ ಕಳೆದುಕೊಂಡರು, ದಂಪತಿ ಲಖನೌಗೆ ಮರಳಿದರು.

1908ರ ಮೂಸಿ ಪ್ರವಾಹದ ನಂತರ ದಂಡೆಯನ್ನು ಹೊಸದಾಗಿ ರೂಪಿಸುವಾಗ ಜೈಪುರದ ಶಂಕರ್ ಲಾಲ್ ಅವರ ನಕ್ಷೆಯಂತೆ ಇಂದಿನ ಹೈಕೋರ್ಟು ಎದ್ದು, 1920ರ ಏಪ್ರಿಲ್ 20ರಂದು ಬಾಗಿಲು ತೆರೆಯಿತು. 1921ರಲ್ಲಿ ಉಸ್ಮಾನ್ ಅಲಿ ಖಾನ್ ಅವರ ಫರ್ಮಾನಿನಿಂದ ಕಂದಾಯದ ಅಧಿಕಾರಿಯ ಕೈಯಿಂದ ನ್ಯಾಯದ ಕೆಲಸವನ್ನು ಬೇರ್ಪಡಿಸಲಾಯಿತು. ಇಂಗ್ಲಿಷರ ಭಾರತ ಅದನ್ನು ಮಾಡುವ ಮೊದಲೇ ಹೈದರಾಬಾದ್ ಮಾಡಿತ್ತು. ಜಹಗೀರುಗಳ ಕೋರ್ಟುಗಳು 1949ರಲ್ಲಿ ಜಹಗೀರುಗಳ ಜೊತೆಗೇ ಹೋದವು.

ಕನ್ನಡಿಗರ ಕಡತಗಳು 1956ರಲ್ಲಿ ಹೈದರಾಬಾದ್ ಬಿಟ್ಟವು. ರಾಯಚೂರು, ಕಲಬುರಗಿ, ಬೀದರ ಮೈಸೂರು ರಾಜ್ಯಕ್ಕೆ ಸೇರಿ, ಮೇಲ್ಮನವಿಗೆ ಬೆಂಗಳೂರಿನ ಹೈಕೋರ್ಟಿಗೆ ಹೋಗುವಂತಾಯಿತು. ಭಾಷೆ ನಮ್ಮದಾಯಿತು, ದಾರಿ ದೂರವಾಯಿತು. ಬೀದರದವರಿಗೆ ಹೈದರಾಬಾದ್ ಮೂರು ತಾಸಿನ ದಾರಿ, ಬೆಂಗಳೂರಿಗೆ ಒಂದಿಡೀ ರಾತ್ರಿ. ವಕೀಲರೂ ಜನರೂ ವರ್ಷಗಟ್ಟಲೆ ಚಳವಳಿ ಮಾಡಿದ ಮೇಲೆ 2008ರ ಜುಲೈನಲ್ಲಿ ಕಲಬುರಗಿಗೂ ಧಾರವಾಡಕ್ಕೂ ಹೈಕೋರ್ಟಿನ ಸಂಚಾರಿ ಪೀಠಗಳು ಬಂದವು. 2013ರಲ್ಲಿ ಅವು ಕಾಯಂ ಆದವು. ಸುರಪುರದವರು ಈಗ ಮೇಲ್ಮನವಿಗೆ ಹೋಗುವುದು ಕಲಬುರಗಿಗೆ.